ಅಮಾವಾಸ್ಯೆ ಕ್ಲಿನಿಕ್ಕಿನ ಕಪ್ಪೆ

ಬುಳುಂ.

ಕಪ್ಪೆಯೊಂದು ನೀರಿಗೆ ಬಿದ್ದ ಸದ್ದು ಅದು. ಚಳ್ಳಕೆರೆಯಂಥ ಊರಿನಲ್ಲಿ, ಅದೂ ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಕಪ್ಪೆಗೆ ಬೀಳಲು ನೀರೆಲ್ಲಿತ್ತು ಎಂದು ನೀವು ಕೇಳಬಹುದು. ನಮ್ಮ ಕಪ್ಪೆ ಇದ್ದದ್ದು ಕಂಪ್ಯೂಟರಿನೊಳಗೆ. ತಾಲ್ಲೂಕಿನಲ್ಲಿ ವರ್ಷವಿಡೀ ತುಂಬಿರುತ್ತಿದ್ದ ಕೊಳ ಅದೊಂದೇ. ಎರಡು ಸ್ಪೀಕರಿನಲ್ಲಿ ಎಡಗಡೆಯದು ಬಂದ ವಾರವೇ ಕೆಟ್ಟದ್ದರಿಂದ ಆ ಸದ್ದು ಯಾವಾಗಲೂ ಬಲಗಡೆಯಿಂದಲೇ ಬರುತ್ತಿತ್ತು. ಈಗಲೂ ಬಚ್ಚಲಲ್ಲಿ ಚೊಂಬು ಕೈಜಾರಿ ಹಂಡೆಯೊಳಗೆ ಬಿದ್ದರೆ ನಾನು ಥಟ್ಟನೆ ಬಲಕ್ಕೆ ತಿರುಗಿ "ವೆರಿ ಗುಡ್!" ಎಂದುಬಿಡುತ್ತೇನೆ. ಮನೆಗೆಲಸದ ಹೆಂಗಸಿಗೆ ಇದು ಅಭ್ಯಾಸವಾಗಿದೆ. ಮೊದಮೊದಲು ಅವಳು ಹೆದರುತ್ತಿದ್ದಳು.

ನಾನು ಸ್ಪೀಚ್ ಥೆರಪಿಸ್ಟ್ ಆಗಿದ್ದವಳು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿಗೆ ಒಬ್ಬಳೇ. ಜನ ಕರೆಯುತ್ತಿದ್ದದ್ದು ಮಾತಿನ ಡಾಕ್ಟ್ರಮ್ಮ ಎಂದು. ಈಚೆಗೆ ಇಬ್ಬರು ಹುಡುಗಿಯರು ನನ್ನನ್ನು ನೋಡಲು ಬಂದಿದ್ದರು. ಕೋರ್ಸ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು. ಫೋನ್ ತೆಗೆದು ತೋರಿಸಿದರು. ಮಗು ಮಾತಾಡಿದರೆ ಫೋನೇ ಕೇಳಿಸಿಕೊಂಡು, ಎಲ್ಲಿ ತಪ್ಪಿತು ಎಂದು ಹೇಳುತ್ತದಂತೆ. "ನಿಮ್ಮ ಟೈಮಲ್ಲಿ ಏನಿತ್ತು ಆಂಟಿ?" ಎಂದರು. "ಒಂದು ಕಪ್ಪೆ ಇತ್ತು" ಎಂದೆ. ಅವರು ಬಿದ್ದು ಬಿದ್ದು ನಕ್ಕರು. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಪ್ರಮೋಷನ್, ಇನ್‌ಕ್ರಿಮೆಂಟ್ ಇತ್ಯಾದಿಗಳನ್ನು ಬಿಟ್ಟಿದ್ದೇನೆ. ಅವು ಸರ್ವಿಸ್ ರಿಜಿಸ್ಟರಿನಲ್ಲಿ ಇವೆ, ಅಲ್ಲೇ ಚೆನ್ನಾಗಿವೆ.

ನಾನು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯಲ್ಲಿ ಹುಟ್ಟಿದವಳು. ಆರು ವರ್ಷಕ್ಕೆ ದೂರದ ಕಾನ್ವೆಂಟಿನ ಬೋರ್ಡಿಂಗಿಗೆ ಹೋದೆ. ಅಲ್ಲಿ ಎಲೊಕ್ಯೂಷನ್ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರು ಒಂದು ಕನ್ನಡಿ ಹಿಡಿದು "ಲಿಪ್ಸ್, ಗರ್ಲ್ಸ್, ಲಿಪ್ಸ್!" ಎಂದು ನಮ್ಮ ತುಟಿಗಳನ್ನು ತಿದ್ದುತ್ತಿದ್ದರು. ನನ್ನ ವೃತ್ತಿಯ ಮೊದಲ ಪಾಠ ಅದೇ ಇರಬೇಕು. ತೊಂಬತ್ತರ ದಶಕದಲ್ಲಿ ನಾನು ಕೆಲಸ ಶುರು ಮಾಡಿದಾಗ ನನ್ನ ಬ್ಯಾಗಿನಲ್ಲಿದ್ದದ್ದೂ ಕನ್ನಡಿಯೇ. ಜೊತೆಗೆ ಊದಿ ಆರಿಸಲು ಮೇಣದಬತ್ತಿ, ಉಫ್ ಎಂದು ಹಾರಿಸಲು ಬಣ್ಣದ ಕಾಗದದ ಚೂರು, ನಾಲಿಗೆ ಮೇಲೆತ್ತಿಸಲು ಅಂಗುಳಿಗೆ ಹಚ್ಚುವ ಒಂದಿಷ್ಟು ಬೆಲ್ಲ. ಬೆಲ್ಲಕ್ಕಾಗಿ ಇರುವೆಗಳೂ ನನ್ನ ಬ್ಯಾಗಿನಲ್ಲಿ ಸರ್ವಿಸ್ ಮಾಡಿವೆ.

ನನ್ನ ಬಳಿ ಬರುತ್ತಿದ್ದವರಲ್ಲಿ ಡೌನ್ ಸಿಂಡ್ರೋಮ್ ಇದ್ದ ಮಕ್ಕಳು ಬಹಳ. ಈ ಮಕ್ಕಳ ಬಾಯಿ ಚಿಕ್ಕದು, ನಾಲಿಗೆಯ ಸ್ನಾಯು ಸಡಿಲ, ಎಷ್ಟೋ ಜನಕ್ಕೆ ಕಿವಿಯೂ ಮಂದ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ, ಅವರು ಹೇಳಿದ್ದು ನಮಗೆ ತಿಳಿಯುವುದಿಲ್ಲ. ಆದರೂ ದಡ್ಡರೆನ್ನಿಸಿಕೊಳ್ಳುವವರು ಅವರೇ. ನನಗೆ ಇದು ಕೊನೆಯವರೆಗೂ ಅನ್‌ಫೇರ್ ಎನ್ನಿಸುತ್ತಲೇ ಇತ್ತು.

ಒಂದು ಸರ್ಕಾರಿ ಪ್ರಾಜೆಕ್ಟಿನಲ್ಲಿ ನಮ್ಮ ಚಳ್ಳಕೆರೆ ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಮಗು ಆಡಿದ ಮಾತನ್ನು ಯಂತ್ರ ಕೇಳಿ ಗುರುತಿಸುತ್ತದೆ ಎಂದು ನಮಗೆ ಮೈಸೂರಿನಲ್ಲಿ ಹತ್ತು ದಿನ ಟ್ರೈನಿಂಗ್ ಕೊಟ್ಟರು. ಗುಟ್ಟು ದೊಡ್ಡದೇನಲ್ಲ. ಮೊದಲು ಯಾರಾದರೂ ಒಂದು ಮಾತನ್ನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿ ಮಾದರಿ ಕೊಡಬೇಕು. ಆಮೇಲೆ ಮಗು ಅದನ್ನೇ ಹೇಳಿದರೆ ಯಂತ್ರ ಎರಡನ್ನೂ ಹೋಲಿಸಿ, ಹತ್ತಿರವಿದ್ದರೆ ಪಾಸ್ ಮಾಡುತ್ತದೆ. ಪಾಸಾದರೆ ಪರದೆಯ ಮೇಲಿನ ಹಸಿರು ಕಪ್ಪೆ ಒಂದು ತಾವರೆ ಎಲೆಯಿಂದ ಮುಂದಿನ ಎಲೆಗೆ ಹಾರಿ ಕೂರುತ್ತದೆ. ಫೇಲಾದರೆ ಕಾಲು ಜಾರಿ ನೀರಿಗೆ. ಬುಳುಂ.

ನಮ್ಮ ಪ್ರಾಜೆಕ್ಟ್ ಆಫೀಸರ್ ಸಾಹೇಬರು ಒಳ್ಳೆಯ ಮನುಷ್ಯ, ಮೆಮೊ ಬರೆಯುವುದೊಂದೇ ಅವರ ಚಟ. ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಮಾನಿಟರಿಗೆ ಕಸೂತಿ ಬಟ್ಟೆ ಹೊದಿಸಿ, ಬಾಗಿಲಿಗೆ ಒಂದು ಬೋರ್ಡ್ ಹಾಕಿಸಿದರು: ಚಪ್ಪಲಿ ಹೊರಗೆ ಬಿಡಿ, ಮಕ್ಕಳನ್ನು ಒಳಗೆ ಬಿಡಬೇಡಿ. "ಸರ್, ಇದು ಮಕ್ಕಳಿಗಾಗಿಯೇ ಬಂದಿರೋದು" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಕೈ ತೊಳ್ಕೊಂಡು ಬರ್ಲಿ" ಎಂದರು.

ಮೊದಲ ತಿಂಗಳು ಮಾದರಿಯೆಲ್ಲ ನನ್ನ ಧ್ವನಿಯಲ್ಲಿ. ಎರಡನೇ ತಿಂಗಳು ನೋಡಿದರೆ ಮಕ್ಕಳ ಸ್ಕೋರ್ ಇಳಿದಿದೆ. ಮೂರನೇ ತಿಂಗಳು ಇನ್ನೂ ಕೆಳಗೆ. ಸಾಹೇಬರಿಂದ ಮೆಮೊ ಬಂತು: ಯಂತ್ರವಿಲ್ಲದಾಗ ಮುಂದೆ ಹೋಗುತ್ತಿದ್ದ ಮಕ್ಕಳು ಯಂತ್ರ ಬಂದ ಮೇಲೆ ಹಿಂದೆ ಹೋದದ್ದಕ್ಕೆ ಎಕ್ಸ್‌ಪ್ಲನೇಷನ್ ಕೊಡತಕ್ಕದ್ದು. ನಾನು ಮೈಕ್ ಬದಲಿಸಿದೆ, ಫ್ಯಾನ್ ಆರಿಸಿದೆ, ನನ್ನ ಮೇಲೆ ನಾನೇ ಅನುಮಾನಪಟ್ಟೆ. ಕಾರಣ ಹೇಳಿದವನು ನಮ್ಮ ಜೀಪಿನ ಡ್ರೈವರ್ ಖಾದರ್. ಕಿಟಕಿಯಲ್ಲಿ ನಿಂತು ನೋಡುತ್ತಿದ್ದವನು, "ಅರೆ ಮೇಡಂ, ಹುಡುಗ್ರು ಬೇಕಂತ್ಲೇ ತಪ್ಪು ಹೇಳ್ತಾವೆ. ಕಪ್ಪೆ ಬಿದ್ರೇನೆ ತಾನೆ ಮಜಾ? ಕುಂತಿರೋ ಕಪ್ಪೇನ ಯಾವನ್ ನೋಡ್ತಾನೆ!" ಎಂದ.

ನಿಜ. ಸರಿಯಾಗಿ ಹೇಳಬಲ್ಲ ಮಕ್ಕಳೂ ಒಮ್ಮೆ ನನ್ನ ಮುಖ ನೋಡಿ, ಮೆಲ್ಲಗೆ ನಕ್ಕು, ಏನೋ ಒಂದು ಬಡಬಡಿಸಿ ಕಪ್ಪೆಯನ್ನು ಕೆಡವುತ್ತಿದ್ದರು. ದಡ್ಡರಂತೆ! ಈ ಪ್ರೋಗ್ರಾಮನ್ನು ಕನ್ನಡಕ್ಕೆ ಹೊಂದಿಸಿದ್ದ ಮೈಸೂರಿನ ಇಂಜಿನಿಯರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಎರಡನ್ನೂ ಅದಲುಬದಲು ಮಾಡಲು ಕೇಳಿಕೊಂಡೆ. ಅವರಿಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಅಂದಿನಿಂದ ಸರಿ ಹೇಳಿದರೆ ಕಪ್ಪೆ ನೀರಿಗೆ, ತಪ್ಪಿದರೆ ಎಲೆಯ ಮೇಲೆ ಸುಮ್ಮನೆ ಕೂತು ಕಣ್ಣು ಪಿಳಿಪಿಳಿ. ಮಕ್ಕಳ ಸ್ಕೋರ್ ಒಂದೇ ತಿಂಗಳಲ್ಲಿ ಏರಿತು. ಸಾಹೇಬರು ಅದಕ್ಕೂ ಎಕ್ಸ್‌ಪ್ಲನೇಷನ್ ಕೇಳಿದರು.

ಚಳ್ಳಕೆರೆಯ ಕೆಲಸ ಹೀಗೆ ದಾರಿಗೆ ಬಂತು. ಮೊಳಕಾಲ್ಮೂರಿನದು ಬೇರೆಯೇ ಕಥೆ. ಅಲ್ಲಿ ನಮಗೆ ಜಾಗ ಕೊಟ್ಟಿದ್ದು ನೇಕಾರರ ಬೀದಿಯ ಭಜನೆ ಮನೆಯಲ್ಲಿ. ಮಾನಿಟರನ್ನು ಕೌದಿಯಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಿ.ಜಿ. ಕೆರೆ ದಾಟಿ ಹೋಗುತ್ತಿದ್ದೆವು. ಹೋದ ಮೊದಲ ದಿನ ಕಂಪ್ಯೂಟರ್ ಹಚ್ಚಿ, "ಟಾಟಾ" ಎಂಬ ಮಾತಿಟ್ಟು, ಮಗುವಿನ್ನೂ ಒಳಗೆ ಬಂದೇ ಇಲ್ಲ, ಕಪ್ಪೆ ಬುಳುಂ ಎಂದಿತು. ಮತ್ತೆ ಬುಳುಂ. ಮತ್ತೆ ಬುಳುಂ. ಬೀದಿಯ ಎರಡೂ ಕಡೆ ಮನೆಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಟಕ್ ಟಕ್, ಟಕ್ ಟಕ್ ಎನ್ನುವ ಆ ಸದ್ದನ್ನೇ ಯಂತ್ರ ಮಾತೆಂದು ತಿಳಿದು ಪಾಸ್ ಮಾಡುತ್ತಿತ್ತು. ಆ ದಿನ ನನ್ನ ಬೆಸ್ಟ್ ಸ್ಟೂಡೆಂಟ್ ಪಕ್ಕದ ಮನೆಯ ಮಗ್ಗ.

ಬಾಗಿಲಿಗೆ ಕಂಬಳಿ ಕಟ್ಟಿದೆವು, ಕಿಟಕಿಗೆ ಗೋಣಿಚೀಲ. ಒಳಗೆ ಬೆವರು ಹರಿಯಿತೇ ಹೊರತು ಸದ್ದು ನಿಲ್ಲಲಿಲ್ಲ. "ನಿಮ್ಮ ಮಗ್ಗ ಯಾವಾಗ ನಿಲ್ಲುತ್ತೆ?" ಎಂದು ಬೀದಿಯವರನ್ನು ಕೇಳಿದೆ. "ಅಮಾಸೆಗೆ ನಿಲ್ತಾವ್ರಿ" ಎಂದರು. ಅಮಾವಾಸ್ಯೆ ದಿನ ನೇಕಾರರು ಮಗ್ಗಕ್ಕೆ ಪೂಜೆ ಮಾಡಿ ಕೈಮುಗಿದು ಬಿಡುತ್ತಾರೆ, ನೂಲು ಮುಟ್ಟುವುದಿಲ್ಲ. ತಿಂಗಳಿಗೆ ಆ ಒಂದು ದಿನ ಆ ಬೀದಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಹೀಗೆ ಶುರುವಾಯಿತು ನಮ್ಮ ಅಮಾವಾಸ್ಯೆ ಕ್ಲಿನಿಕ್ಕು.

ಖಾದರ್ ಗೊಣಗಿದ. "ಮೇಡಂ, ಅಮಾಸೆ ದಿನ ಯಾರಾದ್ರೂ ದೂರ ಗಾಡಿ ತೆಗೀತಾರಾ?"

"ನಿಂಗೇನಯ್ಯಾ ಅಮಾವಾಸ್ಯೆ?"

"ನಂಗಿಲ್ಲ ಮೇಡಂ, ಗಾಡಿಗೈತೆ. ಇದರ ಹಳೇ ಓನರ್ರು ಪ್ರತಿ ಅಮಾಸೆಗೆ ನಿಂಬೆಹಣ್ಣು ಕಟ್ತಿದ್ರು. ಅಭ್ಯಾಸ ಆಗ್ಬಿಟ್ಟೈತೆ ಅದಕ್ಕೆ." ಅಂದಿನಿಂದ ನಿಂಬೆಹಣ್ಣು ಅವನೇ ಕಟ್ಟುತ್ತಿದ್ದ. ಸಾಹೇಬರ ಮೆಮೊ ಮಾಮೂಲಿನಂತೆ ಬಂತು: ನಿಮ್ಮ ಟೂರ್ ಡೇಟು ಒಂದು ತಿಂಗಳು ಹದಿನೈದು, ಒಂದು ತಿಂಗಳು ಹದಿಮೂರು, ಹೀಗೆ ಹಿಂದೆ ಹಿಂದೆ ಸರಿಯುತ್ತಿರುವುದೇಕೆ? ಉತ್ತರಕ್ಕೆ ಒಂದು ಪಂಚಾಂಗ ಲಗತ್ತಿಸಿದೆ.

ಮಂಜಿ ಬಂದದ್ದು ದೀಪಾವಳಿ ಅಮಾವಾಸ್ಯೆಗೆ. ಪೂರ್ತಿ ಹೆಸರು ಮಂಜುಳಾ, ವಯಸ್ಸು ಒಂಬತ್ತು, ಅದೇ ಬೀದಿಯ ನೇಕಾರರ ಮಗಳು. ಡೌನ್ ಸಿಂಡ್ರೋಮ್. ದುಂಡು ಮುಖ, ಎರಡು ಗಿಡ್ಡ ಜಡೆ, ಸೊಂಟಕ್ಕೆ ಹಳೇ ಸೀರೆಯ ಒಂದು ಪಟ್ಟಿ. ಪಟ್ಟಿಯ ಇನ್ನೊಂದು ತುದಿ ಅವಳ ತಾಯಿ ರತ್ನಮ್ಮನ ಕೈಯಲ್ಲಿ. ನನ್ನ ಕಣ್ಣು ಆ ಪಟ್ಟಿಯ ಮೇಲೆ ಬಿದ್ದದ್ದನ್ನು ರತ್ನಮ್ಮ ನೋಡಿದಳು.

"ಹೋದ ವರ್ಸ ಚಳ್ಳಕೆರೆ ಬಸ್‌ಸ್ಟ್ಯಾಂಡ್‌ನಾಗೆ ಕೈ ಬಿಡಿಸ್ಕೊಂಡು ಹೋದ್ಲು ಮೇಡಂ. ಮಧ್ಯಾಹ್ನಾನೆಲ್ಲ ಹುಡುಕಿದ್ವಿ. ಯಾರೋ ಕಂಡಕ್ಟ್ರು ಕೂರಿಸ್ಕೊಂಡು ಕೇಳವ್ರೆ, ಯಾರ ಮಗಳಮ್ಮ, ಯಾವೂರು ಅಂತ. ಎಲ್ಲಾದಕ್ಕೂ ಅಪ್ಪ, ಅಪ್ಪ ಅಂದೈತೆ. ಬಳ್ಳಾರಿ ಬಸ್ಸು ಹತ್ತಿಸೋದ್ರಾಗಿದ್ರು. ಒಂದು ನಿಮಿಷ ತಡ ಆಗಿದ್ರೆ ನನ್ ಮಗಳು ಬಳ್ಳಾರಿನಾಗಿರೋಳು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೆ ಜಾಸ್ತಿ ಬ್ಯಾಡ. ಮೂರೇ ಮಾತು ಕಲಿಸಿಕೊಡ್ರಿ. ಅವಳ ಹೆಸ್ರು, ಅವರಪ್ಪನ ಹೆಸ್ರು, ಊರು. ಗೊತ್ತಿಲ್ದೋರಿಗೆ ಅರ್ಥ ಆಗಂಗೆ ಅಂದ್ರೆ ಸಾಕು, ಅವತ್ತೇ ಈ ಪಟ್ಟಿ ಬಿಚ್ಚಾಕ್ತೀನಿ."

ಕೇಸ್ ಶೀಟಿನಲ್ಲಿ 'ಗೋಲ್' ಎಂಬ ಕಾಲಂ ಇರುತ್ತದೆ. ಅಷ್ಟು ಸ್ಪಷ್ಟವಾದ ಗೋಲ್ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಮಂಜುಳಾ, ತಿಪ್ಪೇಸ್ವಾಮಿ, ಮೊಳಕಾಲ್ಮೂರು. ಮೂರನ್ನೂ ನಾನೇ ಹೇಳಿ ಮಾದರಿ ಕೊಟ್ಟೆ. ದಿನಕ್ಕೆ ಇಪ್ಪತ್ತು ಸಲ ಮನೆಯಲ್ಲಿ ಹೇಳಿಸಬೇಕು ಎಂದು ರತ್ನಮ್ಮನಿಗೆ ಹೋಮ್‌ವರ್ಕ್ ಕೊಟ್ಟೆ. "ಆಯ್ತ್ರಿ" ಎಂದಳು. ಮದರ್ ಕೋಆಪರೇಟಿವ್ ಎಂದು ಬರೆದುಕೊಂಡೆ.

ಮಂಜಿಗೆ ಕಪ್ಪೆಯೆಂದರೆ ಪ್ರಾಣ. ಹೆಡ್‌ಫೋನ್ ಹಾಕಿದರೆ ರಾಣಿಯಂತೆ ಕೂರುವಳು. ಮೂರನೇ ಅಮಾವಾಸ್ಯೆಗೆ ಹೆಸರು ಬಂತು. ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ಊರು. ಮೊಳಕಾಲ್ಮೂರು ಎಂಬ ಹೆಸರನ್ನು ಹೇಳಲು ನಮ್ಮ ಕಾನ್ವೆಂಟಿನ ಇಂಗ್ಲಿಷ್ ಸಿಸ್ಟರ್‌ಗಳೇ ತಿಣುಕುತ್ತಿದ್ದರು, ಈ ಹುಡುಗಿ ಅದನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ತಲೆ ಕುಣಿಸಿ ಹೇಳಿಬಿಟ್ಟಳು. ಆದರೆ ಅಪ್ಪನ ಹೆಸರು? ಕೇಳಿದರೆ ಒಂದೇ ಉತ್ತರ. "ಅಪ್ಪ." ತಪ್ಪೆನ್ನುವ ಹಾಗೂ ಇಲ್ಲ.

ನಾನು ಪುಸ್ತಕಗಳನ್ನು ತೆಗೆದೆ. ಒತ್ತಕ್ಷರ ಕಷ್ಟವಿರಬೇಕು, ನಾಲ್ಕು ಅಕ್ಷರ ಉದ್ದವಾಯಿತೇನೋ, ಸಕಾರ ಈ ಮಕ್ಕಳಿಗೆ ತಡವಾಗಿ ಬರುತ್ತದೆ. ಎರಡು ಪುಟದ ನೋಟ್ ಬರೆದೆ. ಯಂತ್ರದ ಸೆನ್ಸಿಟಿವಿಟಿಯನ್ನು ಸಡಿಲಿಸುತ್ತ ಸಡಿಲಿಸುತ್ತ ಹೋದೆ. ಕೊನೆಗೆ ಖಾದರ್ ಬಾಗಿಲಲ್ಲಿ ಕೆಮ್ಮಿದರೂ ಕಪ್ಪೆ ಅದನ್ನು ತಿಪ್ಪೇಸ್ವಾಮಿ ಎಂದು ಒಪ್ಪಿಕೊಂಡು ನೀರಿಗೆ ಬೀಳುತ್ತಿತ್ತು. ಮಂಜಿ ಮಾತ್ರ "ಅಪ್ಪ."

ಎಂಟನೇ ಅಮಾವಾಸ್ಯೆಗೆ ನನಗೊಂದು ಯೋಚನೆ ಬಂತು. ಈ ಮಗು ಯಾರು ಮಾತಾಡಿದರೂ ನೋಡುವುದು ತಾಯಿಯ ತುಟಿಯನ್ನೇ. ಮಾದರಿ ತಾಯಿಯ ಧ್ವನಿಯಲ್ಲೇ ಇರಲಿ. ರತ್ನಮ್ಮನ ತಲೆಗೆ ಹೆಡ್‌ಫೋನ್ ಹಾಕಿದೆ. "ಮಂಜುಳಾ" ಎಂದಳು. "ಮೊಳಕಾಲ್ಮೂರು" ಎಂದಳು. ಆಮೇಲೆ ಸುಮ್ಮನಾದಳು.

"ಹೇಳು ರತ್ನಮ್ಮ."

"ಕರೆಂಟ್ ಹೋಗಂಗೈತೆ ಮೇಡಂ."

"ಕರೆಂಟ್ ಇದೆ. ಹೇಳು, ತಿಪ್ಪೇಸ್ವಾಮಿ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ನನಗೆ ಆಗ ಹೊಳೆಯಿತು. ಎಂಟು ತಿಂಗಳು ತಡವಾಗಿ ಹೊಳೆಯಿತು. "ಮನೆಯಲ್ಲಿ ಮೂರನ್ನೂ ಹೇಳಿಸ್ತಿದ್ಯಾ?"

"ಎರಡನ್ನ ಹೇಳಿಸ್ತಿದ್ದೆ."

"ಮೂರನೇದು?"

"ಅದನ್ನ ನಾನೆಂಗ್ರಿ ಹೇಳ್ಲಿ? ಗಂಡನ ಹೆಸ್ರು ಹಿಡಿದ್ರೆ ಆಯಸ್ಸು ಕಮ್ಮಿ ಆಗ್ತೈತೆ."

ಮಂಜಿ ಆ ಹೆಸರನ್ನು ಮನೆಯಲ್ಲಿ ಒಮ್ಮೆಯೂ ಕೇಳಿಯೇ ಇರಲಿಲ್ಲ. ತಾಯಿ "ಅವ್ರು" ಎನ್ನುತ್ತಾಳೆ. ಅಜ್ಜಿ ತೆಲುಗಿನಲ್ಲಿ "ಚಿನ್ನೋಡಾ", ಚಿಕ್ಕವನೇ, ಎಂದು ಕರೆಯುತ್ತಾಳೆ. ಬೀದಿಯೆಲ್ಲ ನೆಂಟರು, ಅವರಿಗೆ ಆತ ಬಾವ, ಮಾವ, ಅಣ್ಣ. ತಿಂಗಳಿಗೊಮ್ಮೆ ಬರುವ ನಾನೊಬ್ಬಳೇ ಅವನನ್ನು ತಿಪ್ಪೇಸ್ವಾಮಿ ಎನ್ನುತ್ತಿದ್ದದ್ದು. ಕೇಳದ ಮಾತನ್ನು ಮಗು ಹೇಗೆ ಆಡೀತು? ಎರಡು ಪುಟ ನೋಟ್ ಬರೆದವಳಿಗೆ ಈ ಒಂದು ಪ್ರಶ್ನೆ ಕೇಳಲು ತೋಚಿರಲಿಲ್ಲ. ನಮ್ಮ ಅವ್ವನೂ ಅಪ್ಪನನ್ನು "ಇವ್ರು" ಎಂದೇ ಅಂದವಳು. ನಾನು ಈ ಊರಿನವಳೇ. ಬೋರ್ಡಿಂಗಿನಲ್ಲಿ ಕನ್ನಡಿ ನೋಡುತ್ತ ತುಟಿ ತಿದ್ದಿಕೊಳ್ಳುವಾಗ ಏನೇನನ್ನು ಮರೆತು ಬಂದಿದ್ದೆನೋ.

ತಪ್ಪು ನನ್ನದು ಎಂದು ಅಲ್ಲೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು. ಬದಲಿಗೆ ಲೆಕ್ಚರ್ ಕೊಟ್ಟೆ. ಇದೆಲ್ಲ ಸೂಪರ್‌ಸ್ಟಿಷನ್, ಮಗಳು ಮುಖ್ಯವೋ ನಿನ್ನ ನಂಬಿಕೆ ಮುಖ್ಯವೋ, ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದವಳು, ಇತ್ಯಾದಿ. ರತ್ನಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹೆಡ್‌ಫೋನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಪಟ್ಟಿ ಹಿಡಿದು, ಮಗಳನ್ನು ಕರೆದುಕೊಂಡು ಹೋದಳು.

ಮುಂದಿನದು ಮಣ್ಣೆತ್ತಿನ ಅಮಾವಾಸ್ಯೆ. ಅವರು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ನಾನೇ ಅವರ ಮನೆಗೆ ಹೋದೆ. ಮಂಜಿ ಒಳಬಾಗಿಲ ಬಳಿ ಕೂತು ಮಣ್ಣಿನ ಎತ್ತುಗಳಿಗೆ ಅಕ್ಕಿ ತಿನ್ನಿಸುತ್ತಿದ್ದಳು. ಪಟ್ಟಿಯ ತುದಿಯನ್ನು ನಿಂತ ಮಗ್ಗದ ಕಂಬಕ್ಕೆ ಕಟ್ಟಿತ್ತು. ನನ್ನನ್ನು ಕಂಡವಳೇ "ಬುಳುಂ!" ಎಂದು ಎದ್ದು ಓಡಿ ಬಂದಳು. ಪಟ್ಟಿ ಮುಗಿದಲ್ಲಿ ಗಕ್ಕನೆ ನಿಂತಳು. ನಿಂತಲ್ಲಿಂದಲೇ ಎರಡು ಕೈ ಚಾಚಿದಳು. ಆಮೇಲೆ ಹತ್ತಿರ ಹೋಗುವುದು ನನ್ನ ಕೆಲಸವಾಯಿತು.

"ತಪ್ಪಾಯ್ತು ರತ್ನಮ್ಮ" ಎಂದೆ.

"ಅಯ್ಯೋ, ದೊಡ್ಡೋರು ಅಂಗೆಲ್ಲ ಅನ್‌ಬ್ಯಾಡ್ರಿ. ಕುಂತ್ಕೊಳ್ರಿ, ಕಾಫಿ ಮಾಡ್ತೀನಿ."

ಅವಳ ಗಂಡ ತಿಪ್ಪೇಸ್ವಾಮಿ ಸಂಕೋಚದ ಮನುಷ್ಯ. ತಾನೇ ಹೇಳಿಕೊಡುತ್ತೇನೆ ಎಂದು ಮಗಳ ಮುಂದೆ ಕೂತು ತನ್ನ ಹೆಸರನ್ನು ತಾನೇ ಹೇಳಿದ. ಮಂಜಿ ಅವನ ಎದೆಗೆ ಬೆರಳಿಟ್ಟು, ದಡ್ಡನಿಗೆ ತಿದ್ದುವ ಹಾಗೆ, "ಅಪ್ಪ!" ಎಂದಳು. ಅವನು ಮತ್ತೊಮ್ಮೆ ಹೇಳಿದ. ಅವಳು ತಾಯಿಯ ಮುಖ ನೋಡಿದಳು. ತಾಯಿಯ ತುಟಿ ಅಲ್ಲಾಡಲಿಲ್ಲ, ಇವಳದೂ ಇಲ್ಲ.

ಕಾಫಿ ಕೊಡುತ್ತ ರತ್ನಮ್ಮ ಕೇಳಿದಳು. "ನೀವು ಯಜಮಾನ್ರನ್ನ ಹೆಸ್ರು ಹಿಡಿದೇ ಕರೀತಿದ್ರೇನ್ರಿ?"

"ಹೂಂ."

"ಈಗ ಎಲ್ಲಿದಾರ್ರಿ?"

"ತೀರಿಕೊಂಡು ಆರು ವರ್ಷವಾಯ್ತು."

ಅವಳು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು. ನನ್ನ ಲೆಕ್ಚರಿನ ಗತಿ ಅಷ್ಟೇ ಆಯಿತು. ಇಬ್ಬರೂ ಕಾಫಿ ಕುಡಿದೆವು.

ನಾನು ಹೊರಟಾಗ ಅವಳು ಬಾಗಿಲವರೆಗೆ ಬಂದು, ದನಿ ತಗ್ಗಿಸಿ, "ಮುಂದಿನ ಅಮಾಸೆ ಯಾವ್ದು ಗೊತ್ತೇನ್ರಿ?" ಎಂದಳು. ನನಗೆ ಗೊತ್ತಿತ್ತು, ಪಂಚಾಂಗ ನನ್ನ ಟೂರ್ ಡೈರಿಯಾಗಿತ್ತಲ್ಲ. ಭೀಮನ ಅಮಾವಾಸ್ಯೆ. ಹೆಂಡತಿಯರು ಗಂಡನ ಪಾದಪೂಜೆ ಮಾಡಿ ಅವನ ಆಯಸ್ಸು ಬೇಡುವ ದಿನ. "ಅವತ್ತು ಬರ್ತೀನ್ರಿ" ಎಂದಳು.

ಬಂದಳು. ಕೆನ್ನೆಗೆ ಅರಿಸಿನ, ಕೈಗೆ ಪೂಜೆಯ ದಾರ, ಹಿಂದೆ ಮಂಜಿ, ಅವಳ ಹಿಂದೆ ಹಣೆ ತುಂಬ ಕುಂಕುಮ ಹಚ್ಚಿಸಿಕೊಂಡ ತಿಪ್ಪೇಸ್ವಾಮಿ. ರತ್ನಮ್ಮ ಎಲ್ಲವನ್ನೂ ಯೋಚಿಸಿಕೊಂಡೇ ಬಂದಿದ್ದಳು.

"ಈ ಸಲ ಪೂಜೆ ಎರಡು ಸಲ ಮಾಡೀನ್ರಿ, ಒಂದು ಜಾಸ್ತಿ. ಒಂದು ಸಲ ಹೆಸ್ರು ಅಂದ್ರೆ ಅದಕ್ಕೂ ಇದಕ್ಕೂ ಸರಿಹೋಗ್ತೈತೆ. ಈ ಮಿಷಿನ್ನು ಕೇಳಿದ್ದನ್ನ ಯಾರಿಗಾದ್ರೂ ಹೇಳ್ತೈತಾ?"

"ಇಲ್ಲ. ಇಟ್ಟುಕೊಳ್ಳುತ್ತೆ, ಅಷ್ಟೇ."

"ಅಂಗಾದ್ರೆ ಗಂಡಸ್ರು ಹೊರಗೆ ಹೋಗ್ಲಿ." ನನ್ನ ಮುಖ ನೋಡಿದಳು. "ನೀವೂನೂ."

ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಮಾತು ಯಂತ್ರಕ್ಕೆ ಕೇಳಿಸಿದರೆ ಕಪ್ಪೆ ಬೀಳುತ್ತದೆ ಎಂದು ಹೇಳಿ ಹೊರಗೆ ಬಂದೆ. ಖಾದರ್, ತಿಪ್ಪೇಸ್ವಾಮಿ, ನಾನು, ಮೂವರೂ ಜಗಲಿಯ ಮೇಲೆ ಸಾಲಾಗಿ ಕೂತೆವು. ಬೀದಿಯಲ್ಲಿ ಮಗ್ಗವಿಲ್ಲ, ಒಂದು ಸದ್ದಿಲ್ಲ. ಒಳಗೂ ಇಲ್ಲ. ಬಹಳ ಹೊತ್ತಾದ ಮೇಲೆ ಕದದ ಹಿಂದಿನಿಂದ ದನಿ ಬಂತು.

"ಮೇಡಂ, ಕಪ್ಪೆ ಬೀಳ್ತಿಲ್ಲ."

"ಹೇಳಿದ್ಯಾ?"

"ಹೇಳಿದ್ನಲ್ರಿ."

"ಪಿಸುಮಾತು ಅದಕ್ಕೆ ಕೇಳ್ಸಲ್ಲ ರತ್ನಮ್ಮ. ಬಾಯ್ಬಿಟ್ಟು ಗಟ್ಟಿಯಾಗಿ ಹೇಳ್ಬೇಕು."

ಖಾದರ್ ಕೆಮ್ಮು ಬಂದರೂ ಬಾಯಿಗೆ ಟವೆಲ್ ಒತ್ತಿಕೊಂಡ, ಪುಣ್ಯಾತ್ಮ. ಆಮೇಲೆ ಒಳಗಿನಿಂದ, ಹದಿನಾಲ್ಕು ವರ್ಷ ಗಂಟಲಲ್ಲಿ ಕಟ್ಟಿಟ್ಟುಕೊಂಡದ್ದು ಒಮ್ಮೆಗೇ ಕಿತ್ತುಬಂದ ಹಾಗೆ, ಇಡೀ ಬೀದಿಗೆ ಕೇಳುವಂತೆ,

"ತಿಪ್ಪೇಸ್ವಾಮೀ!"

"ಓ!" ಎಂದು ಜಗಲಿಯ ಮೇಲಿದ್ದ ತಿಪ್ಪೇಸ್ವಾಮಿ ಎದ್ದು ನಿಂತುಬಿಟ್ಟ.

ಬುಳುಂ.

ಎದುರುಮನೆ ಬಾಗಿಲಲ್ಲಿ ಒಂದು ತಲೆ, ಪಕ್ಕದ ಮನೆಯಲ್ಲಿ ಎರಡು. ತಿಪ್ಪೇಸ್ವಾಮಿಯ ಮುಖ ಹಣೆಯ ಕುಂಕುಮಕ್ಕಿಂತ ಕೆಂಪಾಗಿತ್ತು. ಒಳಗೆ ಮಂಜಿ ಚಪ್ಪಾಳೆ ತಟ್ಟಿ ಕೇಕೆ ಹಾಕಿ ನಗುತ್ತಿದ್ದಳು. ಅವ್ವನೂ ಕಪ್ಪೆ ಕೆಡವಿದ್ದು ಅವಳಿಗೆ ಮಹಾ ಸಂತೋಷ. ಆಮೇಲೆ ಅವಳ ದನಿ ಕೇಳಿತು. "ಇಪ್ಪೇ... ಆಮಿ." ಮೊದಲ ಸಲ.

ಆ ಒಂದು ಕೂಗನ್ನು ಯಂತ್ರ ಇಟ್ಟುಕೊಂಡಿತ್ತು. ಮುಂದಿನ ತಿಂಗಳುಗಳಲ್ಲಿ ಅದೇ ನಮ್ಮ ಮಾದರಿ. ರತ್ನಮ್ಮ ಎರಡನೇ ಸಲ ಹೇಳಬೇಕಾಗಲಿಲ್ಲ. ಒಂದು ಕ್ಯಾಸೆಟ್ಟಿಗೂ ಅದನ್ನು ಹಾಕಿಕೊಟ್ಟೆ, ಮನೆಯಲ್ಲಿ ಗಂಡ ಆಚೆ ಹೋದಾಗ ಮಗಳಿಗೆ ಕೇಳಿಸುತ್ತಿದ್ದಳಂತೆ. ಇಪ್ಪೇಆಮಿ ತಿಪ್ಪೇಆಮಿಯಾಯಿತು. ಆಮೇಲೆ ನಾನು ಮಂಜಿ ಹೇಳಿದ್ದರಲ್ಲೇ ಚೆನ್ನಾಗಿದ್ದದ್ದನ್ನು ಆರಿಸಿ ಮಾದರಿ ಮಾಡಿದೆ. ಹೊಸದಾಗಿ ಬರುವವರೇ, ಇದನ್ನು ಬರೆದಿಟ್ಟುಕೊಳ್ಳಿ: ಮಗುವನ್ನು ಕೊನೆಗೆ ಹೋಲಿಸಬೇಕಾದದ್ದು ಅದರ ನಿನ್ನೆಯ ಒಳ್ಳೇ ಮಾತಿನ ಜೊತೆ, ನಮ್ಮ ಮಾತಿನ ಜೊತೆ ಅಲ್ಲ.

ಮತ್ತೊಂದು ದೀಪಾವಳಿಯ ಹೊತ್ತಿಗೆ ಮೂರು ಮಾತಿಗೂ ಕಪ್ಪೆ ಬೀಳುತ್ತಿತ್ತು. ರತ್ನಮ್ಮ ಪಟ್ಟಿ ಬಿಚ್ಚಲಿಲ್ಲ. "ಕಪ್ಪೆಗೆ ಅರ್ಥ ಆದ್ರೆ ಏನ್ ಬಂತ್ರಿ? ಬಸ್‌ಸ್ಟ್ಯಾಂಡ್‌ನಾಗೆ ಕಪ್ಪೆ ಇರ್ತೈತಾ?"

ಸರಿ, ಬಸ್‌ಸ್ಟ್ಯಾಂಡಿಗೇ ಹೋದೆವು, ಚಳ್ಳಕೆರೆಗೆ. ವಿಚಾರಣೆ ಕಿಟಕಿಯಲ್ಲಿದ್ದವರಿಗೆ ಮುಂಚೆ ಏನೂ ಹೇಳಲಿಲ್ಲ, ಹೇಳಿದರೆ ಟೆಸ್ಟ್ ಹೇಗಾದೀತು? ಗಂಡ ಹೆಂಡತಿ ಪೇಪರ್ ಅಂಗಡಿಯ ಹಿಂದೆ, ನಾನು ಕಂಬದ ಮರೆಯಲ್ಲಿ. ರತ್ನಮ್ಮ ಪಟ್ಟಿ ಬಿಚ್ಚಿ ತನ್ನ ಮುಂಗೈಗೆ ಸುತ್ತಿಕೊಂಡಿದ್ದಳು, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ಮಂಜಿ ಒಬ್ಬಳೇ ಕಿಟಕಿಯ ಮುಂದೆ ನಿಂತಳು. ಒಳಗಿದ್ದ ಕನ್ನಡಕದವರು ಎರಡು ಬಸ್ಸಿನ ಹೆಸರು ಕೂಗಿ ಮುಗಿಸಿ, ಬಗ್ಗಿ ನೋಡಿದರು.

"ಏನಮ್ಮಾ ಪುಟ್ಟಿ, ಯಾರ ಜೊತೆ ಬಂದಿದ್ದೀಯಾ? ಹೆಸರೇನು?"

"ಮಂಜುಆ."

"ಮಂಜುಳಾನಾ? ಅಪ್ಪನ ಹೆಸರು?"

ಮಂಜಿ ಹೇಳಿದಳು. ಅವರಿಗೆ ತಿಳಿಯಲಿಲ್ಲ. "ಏನು?" ಎಂದರು. ಮಂಜಿಗೆ ಸಿಟ್ಟು ಬಂತು. ಅವ್ವನ ಪಿಸುಮಾತು ಕೇಳಿಸಿಕೊಳ್ಳದ ಕಪ್ಪೆಗೆ ಏನು ಮಾಡಬೇಕೆಂದು ಅವಳು ನೋಡಿ ಕಲಿತಿದ್ದಳಲ್ಲ. ಮೂಗು ಅರಳಿಸಿ, ಕಣ್ಣು ಮುಚ್ಚಿ, ಕಿರುಚಿದಳು. "ತಿಪ್ಪೇಹಾಮೀ! ಮೊ-ಕಾ-ಮೂ-ರು!"

"ಅಬ್ಬಬ್ಬಾ, ಗೊತ್ತಾಯ್ತು ತಾಯಿ!" ಎಂದು ಅವರು ಮೈಕಿನಲ್ಲಿ ಕೂಗಿದರು. "ಮೊಳಕಾಲ್ಮೂರು ತಿಪ್ಪೇಸ್ವಾಮಿ ಅವರು ಎಲ್ಲಿದ್ದರೂ ವಿಚಾರಣೆ ಹತ್ರ ಬರ್ಬೇಕು, ನಿಮ್ಮ ಮಗಳು ಮಂಜುಳಾ ಇಲ್ಲಿದಾಳೆ."

ಮನೆಗೊಬ್ಬ ತಿಪ್ಪೇಸ್ವಾಮಿ ಇರುವ ನಮ್ಮ ಸೀಮೆಯಲ್ಲಿ ಆ ಹೆಸರು ಕೂಗಿದರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು. ಮೂವರು ತಿಪ್ಪೇಸ್ವಾಮಿಗಳು ಓಡಿಬಂದರು. ಒಬ್ಬರು ನನ್ನಿವಾಳದವರು, ಒಬ್ಬರು ಬಿ.ಜಿ. ಕೆರೆಯವರು, ಇನ್ನೊಬ್ಬರು ಕೈಯಲ್ಲಿ ಟಿಕೆಟ್ ಮಷಿನ್ ಹಿಡಿದ ಕಂಡಕ್ಟರ್. "ನನ್ ಮಗಳು ಮನೇಲವ್ಳಲ್ಲಪ್ಪಾ!" ಎಂದು ನನ್ನಿವಾಳದವರಿಗೆ ಗಾಬರಿ. ನಾಲ್ಕನೆಯವನಾಗಿ, ಅಳುತ್ತ ನಗುತ್ತ, ನಮ್ಮ ತಿಪ್ಪೇಸ್ವಾಮಿ. ಮಂಜಿ ಸಾಲನ್ನೊಮ್ಮೆ ನೋಡಿ, ಮೂವರನ್ನೂ ಕೈಯಿಂದ ಆಚೆ ಸರಿಸಿ, "ಅಪ್ಪ!" ಎಂದು ತಬ್ಬಿಕೊಂಡಳು.

ರತ್ನಮ್ಮ ಅಲ್ಲೇ ಒಂದು ಚೀಲ ಮಂಡಕ್ಕಿ ಕೊಂಡು, ಚೀಲದ ಬಾಯನ್ನು ಆ ಪಟ್ಟಿಯಿಂದ ಬಿಗಿಯಾಗಿ ಕಟ್ಟಿದಳು.

ಪ್ರಾಜೆಕ್ಟ್ ಆಮೇಲೆ ಕೆಲವೇ ವರ್ಷ ನಡೆಯಿತು. ಕಂಪ್ಯೂಟರ್ ಒಂದು ಮಳೆಗಾಲದ ಸಿಡಿಲಿಗೆ ಸುಟ್ಟಿತು. ಸಾಹೇಬರು ಸಿಡಿಲಿಗೆ ಮೆಮೊ ಕೊಡಲಾರದೆ ನನಗೆ ಕೊಟ್ಟರು. ರತ್ನಮ್ಮನ ಕೂಗು, ಮಂಜಿಯ ಇಪ್ಪೇಆಮಿ, ಎಲ್ಲ ಅದರೊಳಗೇ ಹೋದವು, ಕ್ಯಾಸೆಟ್ಟು ಅದಕ್ಕೆ ಮುಂಚೆಯೇ ಸವೆದುಹೋಗಿತ್ತು.

ನಾನು ರಿಟೈರ್ ಆಗುವ ತಿಂಗಳು ಮೊಳಕಾಲ್ಮೂರಿಗೆ ಕೊನೆಯ ಸಲ ಹೋಗಿದ್ದೆ. ಅಮಾವಾಸ್ಯೆ ಅಲ್ಲ, ಬೀದಿ ತುಂಬ ಮಗ್ಗದ ಸದ್ದು. ಬೀದಿಯ ನಡುವೆ ನೂಲಿನ ಬುಟ್ಟಿ ಸೊಂಟಕ್ಕಿಟ್ಟು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದ ದುಂಡು ಮುಖದ ಯುವತಿ, ಹಸಿರು ಲಂಗ ದಾವಣಿ. ಒಬ್ಬಳೇ. ಸೊಂಟಕ್ಕೆ ಬುಟ್ಟಿ ಬಿಟ್ಟು ಬೇರೇನಿಲ್ಲ. ರತ್ನಮ್ಮ ಜಗಲಿಯಿಂದಲೇ ಕೂಗಿದಳು. "ಬರ್ರಿ ಮೇಡಂ! ನೋಡ್ರಿ ಇವಳನ್ನ. ಅವರ ಹೆಸ್ರು ನಾನು ಅವತ್ತೊಂದೇ ಸಲ ಅಂದಿದ್ದು. ಇವಳು ದಿನಕ್ಕೆ ನೂರು ಸಲ ಅಂತಾಳೆ. ಬೀದೀಲಿ ಹೋಗೋ ಬರೋರನ್ನೆಲ್ಲ ನಿಲ್ಲಿಸಿ ಕೇಳ್ತಾಳೆ, ಹೇಳ್ದಿದ್ರೆ ಬಿಡಲ್ಲ."

ನನ್ನನ್ನೂ ನಿಲ್ಲಿಸಿದಳು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಆದರೆ ನನ್ನ ಮುಂದೆ ನಿಂತು, ನಾನು ಅವಳ ಮುಂದೆ ಕೂರುತ್ತಿದ್ದ ಹಾಗೆಯೇ ತಲೆ ಒಂದು ಪಕ್ಕಕ್ಕೆ ವಾಲಿಸಿ, "ಹೆಸ್ರು?" ಎಂದಳು.

"ಶಾಂತಾ."

"ಊರು?"

"ಚಳ್ಳಕೆರೆ."

"ಅಪ್ಪನ್ ಹೆಸ್ರು?"

ಅಪ್ಪನನ್ನು ನಾನು ಡ್ಯಾಡಿ ಎಂದೇ ಕರೆದವಳು. ಫಾರಂಗಳಲ್ಲಿ ಅವರ ಹೆಸರನ್ನು ಎಷ್ಟೋ ಸಲ ಬರೆದಿದ್ದೇನೆ. ಬಾಯಿಬಿಟ್ಟು ಯಾವಾಗ ಹೇಳಿದ್ದೆನೋ ನೆನಪಿಲ್ಲ. "ಬಸವರಾಜಪ್ಪ" ಎಂದೆ, ಮೆಲ್ಲಗೆ.

ಮಂಜಿ ಎಲೆಯ ಮೇಲಿನ ಕಪ್ಪೆಯ ಹಾಗೆ ಕಣ್ಣು ಪಿಳಿಪಿಳಿ ಬಿಟ್ಟು ಕಾದಳು. ಎರಡೂ ಕಡೆ ಮಗ್ಗ ಟಕ್ ಟಕ್ ಎನ್ನುತ್ತಿದ್ದವು.

"ಬಸವರಾಜಪ್ಪ!" ಎಂದೆ, ಬೀದಿಗೆಲ್ಲ ಕೇಳುವ ಹಾಗೆ.

ಅವಳ ಮುಖವೆಲ್ಲ ನಗುವಾಯಿತು. ಬುಟ್ಟಿಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿ, ಬಿಡುವಾದ ಕೈಯಿಂದ ನನ್ನ ಕೆನ್ನೆ ತಟ್ಟಿ, ಮುಂದಿನ ಮನೆಯ ಕಡೆ ಹೊರಡುತ್ತ ಹೇಳಿದಳು.

"ಬುಳುಂ."